ಚಂದ್ರಾಮಪ್ಪನವರ ಹಸಿರು

ದೋರನಹಳ್ಳಿಯ ಚಂದ್ರಾಮಪ್ಪನವರಿಗೆ ಗೊತ್ತಿಲ್ಲದ ಸಂಗತಿ ಈ ಭೂಮಿಯ ಮೇಲೆ ಒಂದೂ ಇರಲಿಲ್ಲ. ಇದು ಊರವರ ಅಭಿಪ್ರಾಯವಲ್ಲ, ಚಂದ್ರಾಮಪ್ಪನವರದೇ. ಎದುರಿನವರು ಬಾಯಿ ತೆರೆದು ಅರ್ಧ ಮಾತು ಆಡುವಷ್ಟರಲ್ಲಿ ಅವರು ಕೈ ಎತ್ತಿ, "ಗೊತ್ತದ, ಗೊತ್ತದ" ಎಂದುಬಿಡುತ್ತಿದ್ದರು. ಒಮ್ಮೆ ಶಹಾಪುರದ ಹಲ್ಲಿನ ಡಾಕ್ಟರು ಹಲ್ಲು ಕೀಳುವ ಮುಂಚೆ ಏನೋ ಹೇಳಹೊರಟಾಗ, ಬಾಯೊಳಗೆ ಇಕ್ಕಳ ಇದ್ದರೂ "ಗೊ, ಗೊ" ಎಂದಿದ್ದರು. ನೋವಾಯಿತೇನೋ ಎಂದು ಡಾಕ್ಟರು ಇಕ್ಕಳ ತೆಗೆದು ಮತ್ತೊಮ್ಮೆ ನೋಡಿದರು. ಹಿಡಿದದ್ದು ಪಕ್ಕದ ಗಟ್ಟಿ ಹಲ್ಲನ್ನು. ಅಂದಿನಿಂದ ತಮ್ಮ ಈ ಅಭ್ಯಾಸದ ಮೇಲೆ ಚಂದ್ರಾಮಪ್ಪನವರಿಗೆ ನಂಬಿಕೆ ಇನ್ನಷ್ಟು ಹೆಚ್ಚಿತು.

ಅವರ ಕೈಯಲ್ಲಿ ಹನ್ನೆರಡು ಗೇಟುಗಳಿದ್ದವು. ಕಾಲುವೆಯಿಂದ ಹೊಲಗಳಿಗೆ ನೀರು ಬಿಡುವ ಗೇಟುಗಳು. ನೀರು ಬಳಕೆದಾರರ ಸಂಘದವರು ಇಪ್ಪತ್ತೆರಡು ವರ್ಷಗಳ ಹಿಂದೆ ಗೇಟು ತಿರುಗಿಸುವ ಕಬ್ಬಿಣದ ಹ್ಯಾಂಡಲ್ಲನ್ನು ಅವರ ವಶಕ್ಕೆ ಕೊಟ್ಟಿದ್ದರು. ದಿನಾ ಬೆಳಿಗ್ಗೆ ಮೋಟಾರ್ ಸೈಕಲ್ಲಿಗೆ ಮೈಕು ಕಟ್ಟಿಕೊಂಡು "ಇವತ್ತ ಆರನೇ ಗೇಟಿನ ಪಾಳಿ ಅದರಪೋ" ಎಂದು ಊರೆಲ್ಲ ಸಾರುವುದು, ಹೋಗಿ ಆ ಗೇಟು ಎತ್ತುವುದು, ಸಂಜೆ ಇಳಿಸುವುದು. ಆಮೇಲೆ ಹ್ಯಾಂಡಲ್ಲು ಅವರ ಜೊತೆ ಮನೆಗೆ ಬಂದು, ನೀಲಿ ಕೋಟಿನ ಬಾಬಾಸಾಹೇಬರ ಪಟದ ಕೆಳಗೆ ಗೋಡೆಗೆ ಒರಗಿ ನಿಲ್ಲುತ್ತಿತ್ತು. ಚಂದ್ರಾಮಪ್ಪನವರ ಅಜ್ಜ ಊರ ಬಾವಿಯ ಹಗ್ಗ ಮುಟ್ಟದೆಯೇ ತೀರಿಕೊಂಡವನು. ಮೊಮ್ಮಗ ಬಂದು ತಿರುಗಿಸದೆ ಈಗ ಊರಿನ ಒಂದು ಹೊಲಕ್ಕೂ ನೀರು ಹರಿಯುವುದಿಲ್ಲ. ಆ ಹ್ಯಾಂಡಲ್ಲನ್ನು ಅವರು ದಿನಾ ಎಣ್ಣೆ ಹಚ್ಚಿ ಒರೆಸುತ್ತಿದ್ದರು ಎಂದರೆ ಅದರಲ್ಲಿ ನಗುವಂಥದ್ದೇನೂ ಇಲ್ಲ. ಹಿಡಿಯುವ ಕಡೆ ಅದಕ್ಕೆ ಹಳೆಯ ಸೀರೆಯ ಪಟ್ಟಿಯೊಂದು ಸುತ್ತಿತ್ತು. ಕಬ್ಬಿಣ ಅಂಗೈಗೆ ಒತ್ತಬಾರದೆಂದು ಹೆಂಡತಿ ದೇವಕಮ್ಮ ಸುತ್ತಿಕೊಟ್ಟದ್ದು.

ಆ ವರ್ಷ ಮೆಣಸಿನಕಾಯಿ ಬಿಡಿಸುವ ಸುಗ್ಗಿಯಲ್ಲಿ ಊರಿಗೆ 'ಪಾಳಿ' ಎಂಬ ಆ್ಯಪ್ ಬಂತು. ಮಾಡಿದವಳು ಸುರಪುರದ ಗೊಲ್ಲಾಳಮ್ಮ ಎಂಬ ಇಪ್ಪತ್ತಾರರ ಹುಡುಗಿ. ಶಹಾಪುರದಲ್ಲಿ ಬೀಜ ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳ ಕಂಪನಿ ಇತ್ತು. ಕಂಪನಿ ಎಂದರೆ ಅವಳು, ಅವಳ ಗೆಳತಿ ಒಬ್ಬಳು, ಮತ್ತು ಒಂದು ಫ್ಯಾನು. ಕಾಲುವೆ ಆಫೀಸಿನವರು ಯಾವ ಗೇಟಿನ ಪಾಳಿ ಎಂದು ಅಲ್ಲಿಂದಲೇ ಒತ್ತಿದರೆ ಊರಿನ ಎಲ್ಲ ಫೋನುಗಳಲ್ಲೂ ಅದು ಕಾಣಬೇಕು. ಅಷ್ಟೇ ಕೆಲಸ.

ಮೊದಲು ಅವಳು ಪ್ರತಿ ಗೇಟಿನ ನಂಬರಿನ ಮುಂದೆ 'ಚಾಲೂ', 'ಬಂದ್' ಎಂದು ಬರೆದಿದ್ದಳು. ಸಂಘದ ಅಧ್ಯಕ್ಷರಾದ ಅಯ್ಯಣ್ಣ ಸಾಹುಕಾರರು ಸಭೆಯಲ್ಲಿ ಅದನ್ನು ನೋಡಿ ತಲೆಯಾಡಿಸಿದರು.

"ನೋಡವಾ ತಂಗಿ, ನಮ್ಮ ಒಂಬತ್ತನೇ ಗೇಟಿನ ಮಲ್ಲಾಬಾಯಿಗೆ ಅಂಕಿ ಬರ್ತಾವ, ಅಕ್ಷರ ಬರಲ್ಲ. ಅಕಿ ಯಾರನ್ನ ಕೇಳ್ಕೋತ ಕೂಡಬೇಕು? ಅಕ್ಷರ ತಗಿ. ಬರೇ ಬಣ್ಣ ಇಡು. ನೀರು ಚಾಲೂ ಇದ್ರ ಹಸಿರು ಚುಕ್ಕಿ, ಬಂದ್ ಇದ್ರ ಕೆಂಪು ಚುಕ್ಕಿ. ಕೂಸಿಗೂ ತಿಳೀತದ."

ಮಲ್ಲಾಬಾಯಿ ಸೆರಗು ಸರಿಮಾಡಿಕೊಂಡು ಕಣ್ಣಲ್ಲೇ ಕೈಮುಗಿದಳು. ಒಳ್ಳೆಯ ಮಾತು. ಮುಂದಿನ ಅನಾಹುತವೆಲ್ಲ ಶುರುವಾದದ್ದು ಈ ಒಳ್ಳೆಯ ಮಾತಿನಿಂದಲೇ.

ಠರಾವುಗಳೂ ಆದವು. ಸಂಘದ ಫೋನು ಚಂದ್ರಾಮಪ್ಪನವರ ಹತ್ತಿರ ಇರತಕ್ಕದ್ದು, ಬೇರೆ ಯಾರೂ ಅದನ್ನು ಮುಟ್ಟತಕ್ಕದ್ದಲ್ಲ. ಎಂಟು ದಿನ ರೂಢಿ ಮಾಡಿಕೊಳ್ಳತಕ್ಕದ್ದು. ಒಂಬತ್ತನೆಯ ದಿನ ಕಾಲುವೆ ಆಫೀಸಿನ ಬಸವಂತ್ರಾಯ ಸಾಹೇಬರು ಬಂದು ಪರೀಕ್ಷೆ ಮಾಡುವರು. ಅಂದು ಒಂದು ಗೇಟು ತಪ್ಪಿದರೂ ಆ್ಯಪ್ ಅದಕ್ಕೇ ಕಾದು ಕುಳಿತಿದ್ದ ಕೆಂಭಾವಿಯ ಸಂಘದವರಿಗೆ ಹೋಗುವುದು, ಹ್ಯಾಂಡಲ್ಲು ಅಯ್ಯಣ್ಣನವರ ಅಳಿಯ ನೀಲಕಂಠನಿಗೆ. ನೀಲಕಂಠ ಮೊಬೈಲು ಬಲ್ಲವನು, ಮೂರು ಮೊಬೈಲು ಒಡೆದವನು.

"ಚಂದ್ರಾಮಪ್ಪ ಕಾಕಾ, ಒಮ್ಮಿ ನೋಡ್ರಿ, ಚುಕ್ಕಿ ಬರೋಬ್ಬರಿ ಕಾಣಸ್ತಾವಿಲ್ಲ?" ಎಂದು ಗೊಲ್ಲಾಳಮ್ಮ ಫೋನು ಮುಂದೆ ಹಿಡಿದಳು.

"ಗೊತ್ತದವಾ, ಗೊತ್ತದ," ಎಂದು ಚಂದ್ರಾಮಪ್ಪನವರು ಫೋನನ್ನು ಜೇಬಿಗಿಳಿಸಿ ಗುಂಡಿ ಹಾಕಿಕೊಂಡರು.

ಮನೆಗೆ ಬಂದು ಗುಂಡಿ ಬಿಚ್ಚಿ ನೋಡಿದರು. ಹನ್ನೆರಡು ಚುಕ್ಕಿ. ಹುರಿದ ಕಡಲೆಕಾಳು ಸಾಲಾಗಿ ಇಟ್ಟ ಹಾಗೆ, ಎಲ್ಲವೂ ಒಂದೇ. ಫೋನನ್ನು ಒರೆಸಿದರು, ತಿರುವಿದರು, ಬಾಗಿಲ ಬೆಳಕಿಗೆ ಹಿಡಿದರು. ಬಣ್ಣ ಇನ್ನೂ ಬಂದು ಮುಟ್ಟಿಲ್ಲ, ಶಹಾಪುರದಿಂದ ಬರಬೇಕಲ್ಲ ಎಂದು ಸಮಾಧಾನ ಮಾಡಿಕೊಂಡು, ಎದೆಯ ಜೇಬಿನ ಹಳೆಯ ನೋಟ್‌ಬುಕ್ ತೆಗೆದರು. ಇಪ್ಪತ್ತೆರಡು ವರ್ಷಗಳ ಪಾಳಿ ಅದರಲ್ಲಿತ್ತು. ಮೊದಲ ದಿನ ಒಂದು, ಎರಡನೆಯ ದಿನ ಎರಡು. ಆ್ಯಪ್ ಆದರೂ ಬೇರೆ ಏನು ಹೇಳೀತು?

ಮೂರು ದಿನ ಆ್ಯಪ್ ಬೇರೆ ಏನೂ ಹೇಳಲಿಲ್ಲ. ಒಂದು, ಎರಡು, ಮೂರು. ನೋಟ್‌ಬುಕ್ಕಿಗೂ ಆ್ಯಪಿಗೂ ಅಪ್ಪಟ ಹೊಂದಾಣಿಕೆ. ಚಹಾದಂಗಡಿಯಲ್ಲಿ ಚಂದ್ರಾಮಪ್ಪನವರ ಉಪನ್ಯಾಸ ಶುರುವಾಯಿತು. "ಆ್ಯಪ್ ಅಂದ್ರ ಏನಿಲ್ಲೋ. ಅದರ ಮಾರಿ ನೋಡಿದ ಕೂಡ್ಲೆ ಅದರ ಮನಸಿನ್ಯಾಗ ಏನದ ಅಂತ ತಿಳೀಬೇಕು. ಅದಕ್ಕ ಅನುಭವ ಬೇಕು." ಕೇಳುತ್ತಿದ್ದವರಲ್ಲಿ ಇಬ್ಬರು ಆ್ಯಪ್ ನೋಡುವುದನ್ನು ಬಿಟ್ಟು ಚಂದ್ರಾಮಪ್ಪನವರ ಮುಖ ನೋಡಲು ಶುರುಮಾಡಿದರು.

ನಾಲ್ಕನೆಯ ದಿನ ಬೆಳಿಗ್ಗೆ ಎಂಟು ಗಂಟೆ. ಚಂದ್ರಾಮಪ್ಪನವರು ಮೈಕಿನಲ್ಲಿ ಕೂಗಿ, ನಾಲ್ಕನೆಯ ಗೇಟಿನ ಮೇಲೆ ನಿಂತು, ಹ್ಯಾಂಡಲ್ಲು ತಿರುಗಿಸಿದರು. ನೀರು ಸಂಭ್ರಮದಿಂದ ಹೊರಟಿತು.

ನಾಲ್ಕನೆಯ ಗೇಟಿನ ಕೆಳಗೆ ಇದ್ದದ್ದು ಅಯ್ಯಣ್ಣ ಸಾಹುಕಾರರ ಹೊಲ. ಚಂದ್ರಾಮಪ್ಪನವರಿಗೆ ತಿಳಿಯದ ಸಂಗತಿ ಏನೆಂದರೆ, ಸಾಹುಕಾರರು ಹಿಂದಿನ ಸಂಜೆಯೇ ಕಾಲುವೆ ಆಫೀಸಿಗೆ ಫೋನು ಮಾಡಿ, ತಮ್ಮ ಪಾಳಿಯನ್ನು ಒಂಬತ್ತನೆಯ ಗೇಟಿಗೆ ಬಿಟ್ಟುಕೊಟ್ಟಿದ್ದರು. ಆ್ಯಪಿನಲ್ಲಿ ಒಂಬತ್ತು ಹಸಿರಾಗಿತ್ತು. ನಾಲ್ಕು ಕೆಂಪಗಿತ್ತು. ಆ ಕೆಂಪನ್ನು ನಂಬಿ ಸಾಹುಕಾರರು ಗೇಟಿನ ಕೆಳಗಿನ ಕಣದ ತುಂಬ, ಸಾಲದ್ದಕ್ಕೆ ಬದುವಿನ ಹುಲ್ಲಿನ ಮೇಲೂ, ಇಪ್ಪತ್ತು ಚೀಲ ಮೆಣಸಿನಕಾಯಿ ಒಣಹಾಕಿದ್ದರು.

"ಏ ಚಂದ್ರಾಮಾ! ಬಂದ್ ಮಾಡೋ! ನನ್ನ ಮೆಣಸಿನಕಾಯಿ ಹೊಂಟ್ವೋ!"

ಸಾಹುಕಾರರು ಒಂದು ಕೈಯಲ್ಲಿ ಧೋತರ, ಇನ್ನೊಂದರಲ್ಲಿ ಹಲ್ಲುಜ್ಜುವ ಕಡ್ಡಿ ಹಿಡಿದು ಓಡಿಬಂದರು. ಅವರ ಹಿಂದೆ ನೀಲಕಂಠ, ನೀಲಕಂಠನ ಹಿಂದೆ ಓಣಿಯ ಮಂದಿ. ಹಸಿರು ಹುಲ್ಲಿನ ನಡುವೆ, ಕಂದು ನೀರಿನ ಮೇಲೆ, ಇಪ್ಪತ್ತು ಚೀಲ ಕೆಂಪು ಮೆಣಸಿನಕಾಯಿ ಮದುವೆ ದಿಬ್ಬಣದ ಹಾಗೆ ಸಾಗುತ್ತಿತ್ತು. ಸುರಪುರದ ಗುಡ್ಡದ ಮೇಲೆ ನಿಂತವನಿಗೂ ಕಾಣಬೇಕು, ಅಂಥ ಕೆಂಪು.

ಚಂದ್ರಾಮಪ್ಪನವರು ಗೇಟಿನ ಮೇಲಿಂದ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಹುಲ್ಲು ಕಂಡಿತು. ನೀರು ಕಂಡಿತು. ಮೇಲೆ ಒಂದಿಷ್ಟು ಕಸ.

"ಎಲ್ಲಿ ಮೆಣಸಿನಕಾಯ್ರಿ ಸಾವ್ಕಾರ್ರ? ನನಗೇನೂ ಕಾಣವಲ್ದು."

ಸಾಹುಕಾರರ ಕೈಯಿಂದ ಕಡ್ಡಿ ಬಿತ್ತು.

"ಏನಂದಿ?"

"ಅಲ್ರಿ, ಒಂದೀಟು ಕಸ ತೇಲಾಕತ್ತದ, ಖರೆ. ಅದಕ್ಯಾಕ ಇಷ್ಟ ಗಡಬಡ?"

"ಕಸಾ!" ಎಂದರು ಸಾಹುಕಾರರು. ಮಂದಿಯ ಕಡೆ ತಿರುಗಿದರು. "ಕೇಳಿದ್ರೇನಪಾ ಎಲ್ಲಾರೂ? ನನ್ನ ವರ್ಷದ ಬೆಳಿಗೆ ಕಸ ಅಂತಾನ! ನನ್ನ ಎದುರಿಗೇ ನಿಂತು!"

ಆ ಹೊತ್ತಿಗೆ ಕೆಳಗಿನಿಂದ ಮಲ್ಲಾಬಾಯಿ ಮಡಿಲ ತುಂಬ ಏನೋ ಹೊತ್ತು ಬಂದಳು. "ಯಪ್ಪಾ, ಮುಂಜಾನಿಂದ ನೀರು ಬರ್ತಾವಂತ ಒಂಬತ್ತನೇ ಗೇಟಿಗೆ ಕುಂತೀನಿ. ನೀರು ಬರಲಿಲ್ಲ, ಹಳ್ಳದಾಗ ಮೆಣಸಿನಕಾಯಿ ಬರಾಕತ್ತಾವ! ಇದ್ಯಾವ ಪಾಳಿ?"

ಹೆಂಗಸರು ಮಾತಾಡುತ್ತ ನಿಲ್ಲಲಿಲ್ಲ. ದೇವಕಮ್ಮ, ಬಳೆಗಾರ್ತಿ ಮದೀನಾಬೀ, ಮಲ್ಲಾಬಾಯಿ ಸೀರೆ ಎತ್ತಿಕಟ್ಟಿ ನೀರಿಗಿಳಿದು, ಜರಡಿಯಲ್ಲಿ, ಸೆರಗಿನಲ್ಲಿ, ಬಳೆಯ ಬುಟ್ಟಿಯಲ್ಲಿ ಮೆಣಸಿನಕಾಯಿ ಬಾಚಿ ಬಂಡೆಯ ಮೇಲೆ ಹರವಿದರು. ಹದಿನೆಂಟು ಚೀಲ ಉಳಿಯಿತು. ಗಂಡಸರು ದಂಡೆಯ ಮೇಲೆ ನಿಂತು ಇದರ ಹಿಂದೆ ಯಾರ ಕೈವಾಡ ಇದೆ ಎಂದು ಚರ್ಚಿಸಿದರು.

ಸಂಘದ ಕೋಣೆಯಲ್ಲಿ ನೀಲಕಂಠ ತನ್ನ ಸ್ವಂತ ಫೋನು ತೆಗೆದು ಮೇಜಿನ ಮೇಲಿಟ್ಟ.

"ನೋಡ್ರಿ, ಇಲ್ಲಿ ಒಂಬತ್ತು ಹಸಿರದ. ಕಾಕಾ, ನಿಮ್ಮ ಫೋನಿನ್ಯಾಗ ಯಾವ್ದು ಹಸಿರದ?"

"ನಾಕನೇದು," ಎಂದರು ಚಂದ್ರಾಮಪ್ಪನವರು, ಜೇಬಿನ ಗುಂಡಿ ಬಿಚ್ಚದೆ.

ಎರಡು ಫೋನು, ಎರಡು ಹಸಿರು. ನೀಲಕಂಠನ ಕಣ್ಣು ಹೊಳೆಯಿತು. ಅವನು ಬಹಳ ದಿನಗಳಿಂದ ಆಡಲು ಕಾಯುತ್ತಿದ್ದ ಮಾತು ಅದು.

"ಹ್ಯಾಕ್ ಆಗ್ಯಾದ!"

ಹ್ಯಾಕ್ ಎಂದರೇನು ಎಂದು ಯಾರೂ ಕೇಳಲಿಲ್ಲ. ಯಾರು ಮಾಡಿದರು ಎಂಬುದು ಮುಖ್ಯವಾಗಿತ್ತು, ಅದಕ್ಕೆ ಉತ್ತರವೂ ತಯಾರಿತ್ತು: ಕೆಂಭಾವಿಯವರು. ಸಾಹುಕಾರರು ಅಲ್ಲಿನ ಸಂಘದವರಿಗೆ ಫೋನು ಹಚ್ಚಿ ಗದರಿಸಿದರು. ಅವರು, "ನಮ್ಮ ಕಡಿ ಎರಡು ದಿನದಿಂದ ನೆಟ್‌ವರ್ಕೇ ಇಲ್ರಿ, ಹ್ಯಾಕ್ ಎಲ್ಲಿಂದ ಮಾಡಾಮು?" ಎಂದರು.

"ನೆಟ್‌ವರ್ಕ್ ಇಲ್ಲದ ಮಾಡ್ಯಾರಂದ್ರ ಎಷ್ಟ ಶಾಣ್ಯಾರಿರಬೇಕು!" ಎಂದ ನೀಲಕಂಠ, ಗೌರವದಿಂದ.

ಸಂಘದ ಫೋನನ್ನು ಹಿಟ್ಟಿನ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ಕಾಗದ ಅಂಟಿಸಿ, ಸಂಘದ ಶಿಕ್ಕಾ ಒತ್ತಲಾಯಿತು. ಇಬ್ಬರು ಪಾಳಿಯ ಮೇಲೆ ಡಬ್ಬಿ ಕಾದರು. ಆ ವಾರ ಕೆಂಭಾವಿಯ ಸಂತೆಗೆ ಹೋದ ದೋರನಹಳ್ಳಿಯ ಇಬ್ಬರು ಅಲ್ಲಿ ಯಾರ ಮುಖವನ್ನೂ ನೋಡದೆ ಬದನೆಕಾಯಿ ಕೊಂಡು, ಮನೆಗೆ ಬಂದು ನೋಡಿದರೆ ಎಲ್ಲವೂ ಹುಳುಕು. ದ್ವೇಷ ಇನ್ನಷ್ಟು ಬೆಳೆಯಿತು.

ಹ್ಯಾಕಿನ ದೂರು ಕೇಳಿ ಆರನೆಯ ದಿನವೇ ಬಸವಂತ್ರಾಯ ಸಾಹೇಬರು ಜೀಪಿನಲ್ಲಿ ಬಂದರು. ಹಿಂದೆಯೇ ಗೊಲ್ಲಾಳಮ್ಮ ಸ್ಕೂಟಿಯಲ್ಲಿ. ಸಾಹೇಬರು ದೊಡ್ಡ ಮನುಷ್ಯರು, ಮೃದು ಮಾತು, ಜೇಬಿನಲ್ಲಿ ಎರಡು ಪೆನ್ನು, ಒಂದು ಕೆಂಪು, ಒಂದು ಹಸಿರು. ಹಸಿರು ಶಾಯಿಯ ಪೆನ್ನಿಗೆ ದಾರ ಸುತ್ತಿತ್ತು. ಸುತ್ತಿದವಳು ಅವರ ಆಫೀಸಿನ ಜವಾನಿ ಲಾಲಮ್ಮ. ಯಾಕೆ ಎಂದು ಸಾಹೇಬರು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಸಂಘದ ಕೋಣೆ ತುಂಬಿತು. ಕಿಟಕಿಗಳೂ ತುಂಬಿದವು. ಗಂಡನ ಬುತ್ತಿ ತಂದ ದೇವಕಮ್ಮ ಬಾಗಿಲ ಬಳಿ ನಿಂತರು. ಅವರ ಪಕ್ಕದಲ್ಲಿ ಬುಟ್ಟಿ ಇಳಿಸಿ ಮದೀನಾಬೀ ಕುಳಿತಳು. ಡಬ್ಬಿಯ ಶಿಕ್ಕಾ ಒಡೆದು, ಫೋನಿನ ಹಿಟ್ಟು ಒರೆಸಿ, ಚಾರ್ಜಿಗೆ ಹಾಕಿ, ನೀಲಕಂಠನ ಫೋನಿನ ಪಕ್ಕದಲ್ಲಿ ಇಡಲಾಯಿತು. ಗೊಲ್ಲಾಳಮ್ಮ ಎರಡನ್ನೂ ನೋಡಿದಳು. ಎರಡರಲ್ಲೂ ಆರನೆಯ ಚುಕ್ಕಿ ಹಸಿರು, ಉಳಿದವೆಲ್ಲ ಕೆಂಪು.

"ಹ್ಯಾಕ್ ಏನೂ ಆಗಿಲ್ರಿ. ಎರಡೂ ಒಂದೇ ಅವ. ಕಾಕಾ, ನೀವ ಹೇಳ್ರಿ, ಯಾವ್ದು ಹಸಿರದ?"

ಚಂದ್ರಾಮಪ್ಪನವರು ಕನ್ನಡಕ ಹಾಕಿಕೊಂಡರು, ತೆಗೆದರು, ಫೋನನ್ನು ಕಿವಿಯ ಹತ್ತಿರವೂ ಒಮ್ಮೆ ಹಿಡಿದರು.

"ಹತ್ತು," ಎಂದರು ಗಂಭೀರವಾಗಿ.

"ಕೆಂಪದ!" ಎಂದಿತು ಕೋಣೆ.

"ಹತ್ತಲ್ಲ, ಎಂಟು ಅನ್ನಾಂವಿದ್ದೆ."

"ಕೆಂಪದ!" ಎಂದವು ಕಿಟಕಿಗಳು.

"ಹಂಗಾದ್ರ ಎರಡು?"

"ಕೆಂಪೋ ಮಾರಾಯಾ!"

"ಹನ್ನೊಂದು... ಒಂದು ಮಿನಿಟ್ ತಡೀರಿ... ಏಳು?"

ಅಯ್ಯಣ್ಣ ಸಾಹುಕಾರರು ಮೇಜು ಗುದ್ದಿದರು. "ಸಾಕು! ಅವತ್ತ ಮೆಣಸಿನಕಾಯಿಗೆ ಕಸ ಅಂದಿ. ಇವತ್ತ ನನ್ನ ಮುಂದ ಕೂತು ಕೆಂಪಿಗೆ ಹಸಿರಂತಿ! ನಾ ಇರೋತನಕ ಈ ಊರಾಗ ಕೆಂಪು ಕೆಂಪೇ, ಹಸಿರು ಹಸಿರೇ! ಸಾಹೇಬ್ರ, ನೀವ ಹೇಳ್ರಿ, ಇದ್ಯಾವ ಬಣ್ಣ?"

ಸಾಹೇಬರು ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. "ಮಂದಿ ಏನಂತಾರೋ ಅದ ಬರೋಬ್ಬರಿ," ಎಂದರು. "ಬಹುಮತ."

"ಮುಗೀತು. ನೀಲಕಂಠಾ, ಹ್ಯಾಂಡಲ್ಲು ಇಸ್ಕೋ."

ನೀಲಕಂಠ ಎದ್ದು ಚಂದ್ರಾಮಪ್ಪನವರ ಕೈಯಿಂದ ಹ್ಯಾಂಡಲ್ಲು ತೆಗೆದುಕೊಂಡ. ಎಳೆಯಬೇಕಾಗಲಿಲ್ಲ. ಆ ಕೈ ಹ್ಯಾಂಡಲ್ಲು ಹೋದ ಮೇಲೂ ಹಿಡಿದ ಹಾಗೆಯೇ ಇತ್ತು.

"ತಡೀರಿ."

ಇಪ್ಪತ್ತೆರಡು ವರ್ಷಗಳಲ್ಲಿ ಆ ಕೋಣೆಯಲ್ಲಿ ಕೇಳದ ಧ್ವನಿ. ದೇವಕಮ್ಮ ಬುತ್ತಿಯ ಗಂಟನ್ನು ಎದೆಗೆ ಹಿಡಿದುಕೊಂಡೇ ಒಳಗೆ ಬಂದಿದ್ದರು.

"ಅವರಿಗೆ ಎರಡೂ ಒಂದೇ ಕಾಣಸ್ತಾವ್ರಿ. ಇವತ್ತಿಂದಲ್ಲ, ಮೊದಲಿಂದಲೂ. ನನ್ನ ಕುಬಸಕ್ಕ ಹಸಿರು ಸೀರಿ ತರ್ತೀನಂತ ಸುರಪುರಕ್ಕ ಹೋಗಿ ಇಟ್ಟಂಗಿಯಂಥಾ ಕೆಂಪು ತಂದ್ರು. ಎಷ್ಟ ಹೌಸಿಲೆ ತಂದಿದ್ರು! 'ನೋಡು, ಹೆಂಗ ಹಸರಗದ' ಅಂದ್ರು. ನಾ ಏನನ್ನಲಿ? ನಮ್ಮ ತವರಮನ್ಯಾಗ ಬಸುರಿಗೆ ಇದ ಬಣ್ಣ ಉಡಸೋ ರಿವಾಜದ ಅಂತ ಮಂದಿಗೆ ಹೇಳಿ ಉಟ್ಟೆ."

"ಯವ್ವಾ!" ಎಂದು ಕಿಟಕಿಯಿಂದ ಮಲ್ಲಾಬಾಯಿ ಚೀರಿದಳು. "ಆ ರಿವಾಜು ಚಲೋ ಅದಂತ ನನ್ನ ಎರಡೂ ಹೆಣ್ಣುಮಕ್ಕಳಿಗೆ ಅದ ಬಣ್ಣ ಉಡಿಸೀನಲ್ಲ! ಈಗ ಇಡೀ ಓಣಿ ಉಡಸ್ತದ!"

ಮದೀನಾಬೀ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. "ಭಾಯಿ ಬಳಿ ತಗೊಳ್ಳಾಕ ಬಂದಾಗೂ ಹಂಗ. ಬಾಯಿಲೆ ಹಸಿರು ಅಂತಿದ್ರು, ಕೈಲೆ ಕೆಂಪನ್ನ ಎತ್ತತಿದ್ರು. ನಾ ಸುಮ್ನ ಹಸಿರು ಕಟ್ಟಿಕೊಟ್ಟು, 'ಭೇಷ್ ಆರಿಸೀರಿ ಭಾಯ್' ಅಂತಿದ್ದೆ."

"ಆ ಸೀರಿ ಹರಿಯೋತನಕ ಉಟ್ಟೀನಿ," ಎಂದರು ದೇವಕಮ್ಮ. "ಹರದ ಮ್ಯಾಲ ಹ್ಯಾಂಡಲ್ಲಿಗೆ ಸುತ್ತೀನಿ."

ಎಲ್ಲರೂ ನೀಲಕಂಠನ ಕೈ ನೋಡಿದರು. ನೀಲಕಂಠ ಹ್ಯಾಂಡಲ್ಲನ್ನು ಮೆತ್ತಗೆ ಮೇಜಿನ ಮೇಲೆ ಮಲಗಿಸಿದ.

ಚಂದ್ರಾಮಪ್ಪನವರು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದರು. ಕೊನೆಗೆ ಬಾಯಿ ಬಿಟ್ಟರು.

"ಅಂದ್ರ... ನಿಮಗೆಲ್ಲ ಅವು ಎರಡೂ ಬ್ಯಾರೆ ಬ್ಯಾರೆ ಕಾಣಸ್ತಾವೇನು?"

"ಮತ್ತ?"

"ಖರೇನ?"

"ಖರೇನಪಾ!"

"ನಾ ತಿಳಕೊಂಡಿದ್ದೆ, ಎಲ್ಲಾರೂ ನನ್ನಂಗ ಅಂದಾಜಿಲೆ ಹೇಳ್ತಾರ ಅಂತ. ಈ ಊರಾಗ ಎಂಥಾ ಶಾಣ್ಯಾರದಾರ, ಒಬ್ಬರೂ ತಪ್ಪವಲ್ರಲ್ಲ ಅಂತ ಐವತ್ತನಾಕು ವರ್ಷ ನಿಮ್ಮನ್ನ ನೋಡಿ ಬೆರಗಾಗೀನಿ."

ಯಾರಿಗೂ ನಗಲು ಧೈರ್ಯವಾಗಲಿಲ್ಲ. ಮೊದಲು ಚಂದ್ರಾಮಪ್ಪನವರೇ ನಕ್ಕರು. ಆಮೇಲೆ ಕಿಟಕಿಗಳು ನಕ್ಕವು.

ನಗದೇ ಇದ್ದವಳು ಗೊಲ್ಲಾಳಮ್ಮ ಒಬ್ಬಳೇ. ಅವಳು ಹಣೆ ಹಿಡಿದುಕೊಂಡಿದ್ದಳು. "ತಪ್ಪು ಕಾಕಾಂದಲ್ರಿ, ನಂದು. ಹತ್ತಿಪ್ಪತ್ತು ಗಂಡಸರಾಗ ಒಬ್ಬರಿಗೆ ಹಿಂಗ ಇರ್ತದಂತ ನಾ ಕಾಲೇಜಿನ್ಯಾಗ ಓದೀನಿ. ಓದಿ, ಪರೀಕ್ಷಾ ಬರದು, ಅಲ್ಲೇ ಬಿಟ್ಟುಬಂದೀನಿ. ಬಣ್ಣ ಒಂದನ್ನ ನಂಬಿ ಕೆಲಸ ಮಾಡಬಾರದಿತ್ತು."

"ಅಕ್ಷರ ತಗಿ ಅಂದಾವ ನಾನ," ಎಂದು ಸಾಹುಕಾರರು ಗೋಡೆಯ ಕಡೆ ನೋಡಿ ಗೊಣಗಿದರು. ಅಧ್ಯಕ್ಷರು ತಪ್ಪೊಪ್ಪಿಕೊಳ್ಳುವ ರೀತಿ ಅದು. ಗೋಡೆಗೆ ಮಾತ್ರ. "ಆದ್ರ ಠರಾವು ಅಂದ್ರ ಠರಾವು. ಒಂಬತ್ತನೇ ದಿನ ಗೇಟು ತಪ್ಪಿತಂದ್ರ ನಾ ಏನೂ ಮಾಡಾಕ ಬರಲ್ಲ. ಅಲ್ಲೀತನಕ ಹ್ಯಾಂಡಲ್ಲು ನನ್ನ ಕಪಾಟಿನ್ಯಾಗ ಇರ್ತದ."

ಉಳಿದದ್ದು ಮೂರು ದಿನ. ಗೊಲ್ಲಾಳಮ್ಮ ಶಹಾಪುರಕ್ಕೆ ಹೋಗಲಿಲ್ಲ. "ಚಿಗವ್ವಾ, ನೀವು ಮೂವತ್ತು ವರ್ಷ ಹೆಂಗ ಸಂಭಾಳಿಸೀರಿ? ತೋರಸ್ರಿ" ಎಂದು ದೇವಕಮ್ಮನ ಹಿಂದೆ ಅಡುಗೆಮನೆಗೆ ಹೋದಳು.

ಅಲ್ಲಿ ಅವಳು ನೋಡಿದ್ದನ್ನು ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಕೆಂಪು ಟವೆಲ್ಲಿನ ಮೂಲೆಗೆ ಗಂಟು, ಹಸಿರಿಗೆ ಇಲ್ಲ. ಹಣ್ಣಾದ ಟೊಮ್ಯಾಟೊ ತಟ್ಟೆಯಲ್ಲಿ, ಕಾಯಿ ಬುಟ್ಟಿಯಲ್ಲಿ. ಖಾರದ ಡಬ್ಬಿಗೆ ರಬ್ಬರು. ಚಾರ್ಜರಿನ ದೀಪ ಕೆಂಪೋ ಹಸಿರೋ ತಿಳಿಯದೆ ಗಂಡ ಪೇಚಾಡಬಾರದೆಂದು, ಚಾರ್ಜು ತುಂಬಿದ ಕೂಡಲೇ ತಾವೇ ಎದ್ದು ಹೋಗಿ ಬಟನ್ ಒತ್ತಿ ಬರುತ್ತಿದ್ದರು.

"ಅವರಿಗೆ ಹೇಳಲಿಲ್ಲ ಯಾಕ್ರಿ?"

"ಅವರ ಬಾಯಾಗ ಯಾವಾಗಲೂ 'ಗೊತ್ತದ' ಇರ್ತದಲ್ಲವಾ, ನಡುವ ಹೇಳಾಕ ಜಾಗಾನೇ ಸಿಗಲಿಲ್ಲ," ಎಂದು ದೇವಕಮ್ಮ ನಕ್ಕರು. ಆಮೇಲೆ, "ಬಣ್ಣ ಇರಲಿ, ನೋಡಾಕ ಚಂದ. ಆದ್ರ ಬಣ್ಣದ ಜೋಡಿ ಒಂದು ಗಂಟೂ ಇರಬೇಕು. ಇದು ತಪ್ಪಿದ್ರ ಅದು ಹೇಳ್ತದ" ಎಂದರು.

ಗೊಲ್ಲಾಳಮ್ಮ ಅದನ್ನು ಬೀಜದ ಚೀಲದ ಹಿಂಭಾಗದಲ್ಲಿ ಬರೆದುಕೊಂಡಳು. ಅದರ ಕೆಳಗೇ ಚಿತ್ರ ಬರೆದಳು. ನೀರು ಚಾಲೂ ಇದ್ದರೆ ಮೂರು ಅಲೆ. ಬಂದ್ ಇದ್ದರೆ ಅಡ್ಡ ಬಿದ್ದ ಗೇಟು. ಕೆಳಗೆ 'ಚಾಲೂ', 'ಬಂದ್' ಎಂಬ ಮಾತುಗಳು ವಾಪಸ್ಸು ಬಂದವು. ಮಾತು ಓದಲಾರದ ಮಲ್ಲಾಬಾಯಿಗೆ ಚಿತ್ರ, ಬಣ್ಣ ಕಾಣದ ಕಾಕಾನಿಗೆ ಎರಡೂ.

"ಬಣ್ಣಾನೂ ಬದಲಾಸ್ತೀನಿ. ಕಾಕಾ, ನಿಮಗ ಯಾವ ಬಣ್ಣ ಚಲೋ ಕಾಣಸ್ತದ?"

ಚಂದ್ರಾಮಪ್ಪನವರು ಗೋಡೆಯ ಪಟ ತೋರಿಸಿದರು. "ಆ ಕೋಟಿನ ಬಣ್ಣ. ಅದನ್ನ ನಾ ಹುಟ್ಟಿದಾಗಿಂದ ತಪ್ಪಿಲ್ಲ."

ಅಲೆ ನೀಲಿಯಾಯಿತು, ಗೇಟು ಹಳದಿಯಾಯಿತು. ನೀಲಕಂಠ ತಾನಾಗಿಯೇ ಬಂದು ಬಾಗಿಲಲ್ಲಿ ನಿಂತು, "ಅಕ್ಕಾ, ಫೋನಿನ್ಯಾಗ ಬಣ್ಣಾನ ಪೂರಾ ತಗದು ಬರೇ ಕರಿ ಬಿಳಿ ಮಾಡಾಕ ಬರ್ತದ. ಹಂಗ ಮಾಡಿ ನೋಡಾಮು. ಆಗೂ ತಿಳದ್ರ ಯಾರಿಗೂ ತಿಳೀತದ" ಎಂದ. ಅದು ಅವನು ಆ ವರ್ಷ ಆಡಿದ ಅತ್ಯಂತ ಶಾಣ್ಯಾ ಮಾತು. ಹ್ಯಾಂಡಲ್ಲು ತನ್ನ ಕೈ ತಪ್ಪುವ ಮಾತು ಎಂಬುದು ಅವನಿಗೆ ಹೊಳೆಯಲಿಲ್ಲವೋ, ಹೊಳೆದೂ ಆಡಿದನೋ, ನಾವು ಕೆದಕುವುದು ಬೇಡ. ಕರಿ ಬಿಳಿಯಲ್ಲೂ ಅಲೆ ಅಲೆಯಾಗಿಯೇ ಇತ್ತು. ಮಧ್ಯಾಹ್ನದ ಬಿಸಿಲಿಗೆ ಹಿಡಿದರು. ಬಣ್ಣ ಎಲ್ಲರ ಕಣ್ಣಿಗೂ ಮಾಯವಾಯಿತು, ಅಲೆ ಮಾತ್ರ ಉಳಿಯಿತು. ದಾರಿಯಲ್ಲಿ ಹೋಗುತ್ತಿದ್ದ ಅಯ್ಯಣ್ಣ ಸಾಹುಕಾರರು, ಒಂದು ಕಣ್ಣಿನಲ್ಲಿ ಪೊರೆ ಬಂದವರು, ನಿಂತು ನೋಡಿ, "ಇದು ನನಗೂ ಕಾಣಸ್ತದಲ್ಲೋ" ಎಂದು ಹೇಳಿ, ಸಿಟ್ಟು ನೆನಪಾಗಿ ಮುಂದೆ ನಡೆದರು.

ಒಂಬತ್ತನೆಯ ದಿನ ಕಾಲುವೆಯ ದಂಡೆಯ ಮೇಲೆ ಊರಿಗೆ ಊರೇ ನಿಂತಿತ್ತು. ಸಾಹೇಬರು ಜೀಪಿನಲ್ಲಿ ಕುಳಿತು ಆಫೀಸಿಗೆ ಫೋನು ಮಾಡಿ ಗುಟ್ಟಾಗಿ ಪಾಳಿ ಬದಲಿಸುವುದು, ಚಂದ್ರಾಮಪ್ಪನವರು ಫೋನು ನೋಡಿ ಮೈಕಿನಲ್ಲಿ ಕೂಗುವುದು. ನೋಟ್‌ಬುಕ್ಕನ್ನು ಅವರು ಬೆಳಿಗ್ಗೆಯೇ ಹೆಂಡತಿಯ ಕೈಗೆ ಕೊಟ್ಟಿದ್ದರು.

ಫೋನು ಗುರ್ರೆಂದಿತು. ಸಾಹುಕಾರರು ಕಪಾಟಿನಿಂದ ತಂದ ಹ್ಯಾಂಡಲ್ಲನ್ನು ಎದೆಗವಚಿ ನಿಂತಿದ್ದರು. ಚಂದ್ರಾಮಪ್ಪನವರು ಮೈಕು ಎತ್ತಿದರು.

"ಏಳನೇ ಗೇಟು ಚಾಲೂ ಅದರಪೋ!"

ಸಾಹೇಬರು ಜೀಪಿನೊಳಗಿಂದ ತಲೆಯಾಡಿಸಿದರು. ಬರೋಬ್ಬರಿ.

"ಏಳು ಬಂದ್, ಹನ್ನೆರಡು ಚಾಲೂ!"

ಬರೋಬ್ಬರಿ. ಹಿಂದೆ ನಿಂತ ಮಂದಿ ಮುಂದೆ ಬಂದರು.

ಮೂರನೆಯ ಸಲ ಸಾಹೇಬರು ಬಹಳ ಹೊತ್ತು ಏನೂ ಮಾಡಲಿಲ್ಲ. ನೀಲಕಂಠ ಉಗುರು ಕಚ್ಚಿದ. ಮದೀನಾಬೀ ದೇವಕಮ್ಮನ ಕೈ ಹಿಡಿದಳು. ಬಳೆಗಾರ್ತಿ ಅಷ್ಟು ಬಿಗಿಯಾಗಿ ಹಿಡಿದರೂ ಒಂದು ಬಳೆಯೂ ಒಡೆಯಲಿಲ್ಲ. ಗುರ್ ಎಂದಿತು ಫೋನು. ಚಂದ್ರಾಮಪ್ಪನವರು ನೋಡಿದರು. ಇನ್ನೊಮ್ಮೆ ನೋಡಿದರು.

"ಒಂಬತ್ತು ಚಾಲೂ! ಮತ್ತ ನಾಕನೇದು..." ಎಂದು ನಿಲ್ಲಿಸಿ, ಸಾಹುಕಾರರ ಕಡೆ ತಿರುಗಿದರು. "ನಾಕನೇದು ಬಂದ್ ಅದರಿ ಸಾವ್ಕಾರ್ರ! ಮೆಣಸಿನಕಾಯಿ ಹಾಕ್ಕೋರಿ!"

ದಂಡೆ ಹೋ ಎಂದಿತು. ಮಲ್ಲಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂಬತ್ತನೆಯ ಗೇಟಿನ ಕಡೆ ಓಡಿದಳು. ಸಾಹೇಬರು ಜೀಪಿನಿಂದ ಇಳಿದು, ಚಂದ್ರಾಮಪ್ಪನವರ ಕೈ ಕುಲುಕಿ, ದಾರ ಸುತ್ತಿದ ಪೆನ್ನು ತೆಗೆದು ಕಾಗದದ ಮೇಲೆ ಸಹಿ ಹಾಕಿದರು. ಆ್ಯಪ್ ದೋರನಹಳ್ಳಿಯಲ್ಲೇ ಉಳಿಯಿತು.

ಸಾಹುಕಾರರು ಹ್ಯಾಂಡಲ್ಲು ಮುಂದೆ ಚಾಚಿದರು. "ಹಿಡಿಯಪಾ ಚಂದ್ರಾಮಾ. ನಿಂದು ನೀ ಇಟ್ಕೋ. ನನ್ನ ಕಪಾಟಿನ ತುಂಬ ಎಣ್ಣಿ ಆಗ್ಯಾದ."

ಚಂದ್ರಾಮಪ್ಪನವರು ಹಿಡಿದರು. ಆಮೇಲೆ ಅದಕ್ಕೆ ಸುತ್ತಿದ ಬಟ್ಟೆಯನ್ನು ನೋಡಿದರು. ಬೆರಳಿನಿಂದ ಮೆಲ್ಲಗೆ ಸವರಿದರು. ಸುತ್ತಲಿನ ಮಂದಿಗೆಲ್ಲ ಕೇಳುವ ಹಾಗೆ, ಆದರೆ ದನಿ ಇಳಿಸಿ ಕೇಳಿದರು.

"ಒಂದ ಮಾತು ಖರೆ ಹೇಳ್ರಿ. ಇದು ಹಸಿರಲ್ಲೇನು?"

ಇಟ್ಟಿಗೆ ಬಣ್ಣದ ಆ ಕೆಂಪು ಪಟ್ಟಿ ಬಿಸಿಲಿನಲ್ಲಿ ಬೆಳಗುತ್ತಿತ್ತು. ದೇವಕಮ್ಮ ತಲೆ ತಗ್ಗಿಸಿದರು. ಎಲ್ಲರೂ ಸಾಹುಕಾರರ ಮುಖ ನೋಡಿದರು. ತಾವು ಇರುವ ತನಕ ಕೆಂಪು ಕೆಂಪೇ, ಹಸಿರು ಹಸಿರೇ ಎಂದು ಮೇಜು ಗುದ್ದಿದವರು ಅವರೇ ಅಲ್ಲವೇ?

ಅಯ್ಯಣ್ಣ ಸಾಹುಕಾರರು ಗಂಟಲು ಸರಿಮಾಡಿಕೊಂಡರು. ಬಟ್ಟೆಯನ್ನು ನೋಡಿದರು. ದೇವಕಮ್ಮನನ್ನು ನೋಡಿದರು.

"ಹಸಿರ ಅದ," ಎಂದರು. "ಅಂಥಿಂಥಾ ಹಸಿರಲ್ಲ."

"ಹೌದ್ ಹೌದು, ಹಸಿರು," ಎಂದಳು ಮದೀನಾಬೀ. "ಹಸಿರಽ," ಎಂದ ನೀಲಕಂಠ. ಇಡೀ ದಂಡೆ, ಒಬ್ಬರೂ ತಪ್ಪದೆ, ಒಪ್ಪಿತು.

ಬಸವಂತ್ರಾಯ ಸಾಹೇಬರು ಬಗ್ಗಿ, ಪಟ್ಟಿಯನ್ನು ಹತ್ತಿರದಿಂದ ನೋಡಿ, ನಿಜವಾದ ಅಚ್ಚರಿಯಿಂದ ತಲೆ ಎತ್ತಿದರು. "ಹಸಿರಲ್ಲದ ಮತ್ತೇನ್ರಿ? ಇದರಾಗ ಕೇಳೋದೇನದ?"

ದಂಡೆಯ ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೊಲ್ಲಾಳಮ್ಮ ಸಾಹೇಬರ ಜೇಬಿನ ದಾರ ಸುತ್ತಿದ ಪೆನ್ನನ್ನು ನೋಡಿದಳು. ಆಮೇಲೆ ಹತ್ತಿರ ಹೋಗಿ, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ, "ಸಾಹೇಬ್ರ, ಈ ಹೊಸಾದ್ದನ್ನ ನಿಮ್ಮ ಫೋನಿನ್ಯಾಗೂ ಹಾಕಿ ಕೊಡ್ಲೇನ್ರಿ? ಹೆಂಗ ನೋಡಬೇಕಂದ್ರ..." ಎಂದಳು.

ಸಾಹೇಬರು ಕೈ ಎತ್ತಿದರು.

"ಗೊತ್ತದವಾ, ಗೊತ್ತದ," ಎಂದರು, ಫೋನನ್ನು ಗಪ್‌ಚುಪ್ಪಾಗಿ ಅವಳ ಕೈಗಿಡುತ್ತ.